ಆಕ್ಸಿಜನ್ನಿಗೆ ಕೊನೆಯ ಸರದಿ

ಸಂಜೆ ಹೊತ್ತು ನಮ್ಮ ಮನೆಗೆ ಹತ್ತನೇ ಕ್ಲಾಸಿನ ನಾಲ್ಕು ಮಕ್ಕಳು ಪಾಠಕ್ಕೆ ಬರುತ್ತಾರೆ. ವಿಜ್ಞಾನದ ಮೊದಲ ಪಾಠದಲ್ಲೇ 'ರಾಸಾಯನಿಕ ಸಮೀಕರಣ ಸರಿದೂಗಿಸಿ' ಅಂತ ಬರುತ್ತದೆ, ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ನಾನು ಅಡುಗೆಮನೆಯ ಒಲೆಯಿಂದಲೇ ಶುರು ಮಾಡುತ್ತೇನೆ. ಸಿಲಿಂಡರಿನಲ್ಲಿ ಇರುವುದು ಮುಖ್ಯವಾಗಿ ಬ್ಯೂಟೇನ್ ಮತ್ತು ಪ್ರೊಪೇನ್. ಬ್ಯೂಟೇನ್ ತೆಗೆದುಕೊಳ್ಳೋಣ. ಅದು ಆಕ್ಸಿಜನ್ ಜೊತೆ ಉರಿದರೆ ಕಾರ್ಬನ್ ಡೈಆಕ್ಸೈಡ್ (ಸಿಓ₂) ಮತ್ತು ನೀರು (ಎಚ್₂ಓ) ಆಗುತ್ತದೆ. ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರ ಇರುತ್ತದೆ, ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ: ಸಿ ಅಂದರೆ ಕಾರ್ಬನ್, ಎಚ್ ಹೈಡ್ರೋಜನ್, ಓ ಆಕ್ಸಿಜನ್. ಕೆಳಗಿನ ಪುಟ್ಟ ಅಂಕಿ ಒಂದು ಅಣುವಿನಲ್ಲಿ ಆ ಪರಮಾಣು ಎಷ್ಟಿದೆ ಅಂತ ಹೇಳುತ್ತದೆ.

ಸಿ₄ಎಚ್₁₀ + ಓ₂ → ಸಿಓ₂ + ಎಚ್₂ಓ

ಕಾರ್ಬನ್ ಎಡಕ್ಕೆ 4, ಬಲಕ್ಕೆ 1. ಹೈಡ್ರೋಜನ್ ಎಡಕ್ಕೆ 10, ಬಲಕ್ಕೆ 2. ಗ್ಯಾಸ್ ಉರಿದರೂ ಪರಮಾಣುಗಳು ಮಾಯವಾಗುವುದಿಲ್ಲ, ಜೊತೆ ಬದಲಾಯಿಸುತ್ತವೆ ಅಷ್ಟೆ. ಅದಕ್ಕೇ ಎರಡೂ ಕಡೆ ಲೆಕ್ಕ ಒಂದೇ ಆಗಬೇಕು.

ಅಂಕಿ ಹಾಕುವುದು ಅಣುವಿನ ಮುಂದೆ ಮಾತ್ರ. ಕೆಳಗಿನ ಪುಟ್ಟ ಅಂಕಿ ಮುಟ್ಟಬೇಡಿ. ಹೋದ ವರ್ಷ ಒಬ್ಬ ಹುಡುಗ ಹೈಡ್ರೋಜನ್ನು, ಆಕ್ಸಿಜನ್ನು ಸೇರಿ ನೀರಾಗುವ ಸಮೀಕರಣದಲ್ಲಿ ಎಚ್₂ಓ ತಿದ್ದಿ ಎಚ್₂ಓ₂ ಮಾಡಿ, "ಆಂಟಿ, ಸರಿಹೋಯ್ತು!" ಅಂದ. ಲೆಕ್ಕವೇನೋ ಸರಿ. ಆದರೆ ಅದು ನೀರಲ್ಲ, ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್. "ಬಾಯಾರಿಕೆಗೆ ಇದನ್ನೇ ಕೊಡಲಾ?" ಅಂದೆ. ಆಮೇಲೆ ಅವನು ಆ ತಪ್ಪು ಮಾಡಲಿಲ್ಲ.

ಈಗ ಪೆನ್ಸಿಲ್ ಹಿಡಿಯಿರಿ. ಪೆನ್ ಬೇಡ, ಅಳಿಸುವ ಕೆಲಸ ಜಾಸ್ತಿ. ಮೊದಲು ಕಾರ್ಬನ್: ಸಿಓ₂ ಮುಂದೆ 4. ಆಮೇಲೆ ಹೈಡ್ರೋಜನ್: ಎಚ್₂ಓ ಮುಂದೆ 5. ಆಕ್ಸಿಜನ್ ಕೊನೆಗೆ. ಯಾಕೆ ಗೊತ್ತಾ? ಎಡಗಡೆ ಅದು ಒಂಟಿಯಾಗಿದೆ. ಅದರ ಮುಂದಿನ ಅಂಕಿ ಎಷ್ಟು ಬದಲಾಯಿಸಿದರೂ ಕಾರ್ಬನ್, ಹೈಡ್ರೋಜನ್ ಲೆಕ್ಕ ಅಲುಗಾಡುವುದಿಲ್ಲ. ಆಕ್ಸಿಜನ್ನಿನಿಂದ ಶುರು ಮಾಡಿದವರು ಸುಮ್ನೆ ಸುತ್ತು ಹೊಡೆಯುತ್ತಾರೆ.

ಬಲಗಡೆ ಆಕ್ಸಿಜನ್ ಈಗ 8 ಮತ್ತು 5, ಒಟ್ಟು 13. ಎಡಗಡೆ ಅದು ಜೋಡಿಯಾಗಿಯೇ ಬರುವುದು. ಅಂದರೆ ಆರೂವರೆ ಜೋಡಿ! ಇಲ್ಲಿಗೆ ಬಂದಾಗ ಮಕ್ಕಳು ಎಲ್ಲ ಅಳಿಸಿಬಿಡುತ್ತಾರೆ. ಅಳಿಸಬೇಡಿ. ಆರೂವರೆ ಅಂತಲೇ ಬರೆದು, ಅಣುಗಳ ಮುಂದಿನ ಎಲ್ಲ ಅಂಕಿಗಳನ್ನೂ ಎರಡರಿಂದ ಗುಣಿಸಿ.

2ಸಿ₄ಎಚ್₁₀ + 13ಓ₂ → 8ಸಿಓ₂ + 10ಎಚ್₂ಓ

ಕೊನೆಗೆ ಮತ್ತೆ ಎಣಿಸಿ: ಕಾರ್ಬನ್ 8, ಹೈಡ್ರೋಜನ್ 20, ಆಕ್ಸಿಜನ್ 26, ಎರಡೂ ಕಡೆ. ಬೇರೆ ಸಮೀಕರಣಗಳಲ್ಲಿ ಸಲ್ಫೇಟ್, ನೈಟ್ರೇಟ್ ಥರದ ಪರಮಾಣುಗಳ ಗುಂಪು ಎರಡೂ ಕಡೆ ಹಾಗೇ ಉಳಿದಿದ್ದರೆ ಬಿಡಿಸಬೇಡಿ, ಇಡೀ ಗುಂಪನ್ನು ಒಂದು ಅಂತ ಎಣಿಸಿ.

ಆ 10 ಎಚ್₂ಓ ಬರೀ ಕಾಗದದ ಮೇಲಿನದಲ್ಲ. 14.2 ಕೆಜಿ ಸಿಲಿಂಡರಿನಲ್ಲಿ ಪೂರ್ತಿ ಬ್ಯೂಟೇನೇ ಇದೆ ಅಂದುಕೊಂಡರೆ, ಅದು ಉರಿದು ಖಾಲಿಯಾಗುವಷ್ಟರಲ್ಲಿ ಸುಮಾರು 22 ಕೆಜಿ ನೀರು ಹುಟ್ಟುತ್ತದೆ. ಗ್ಯಾಸಿಗಿಂತ ಜಾಸ್ತಿ! ಗಾಳಿಯ ಆಕ್ಸಿಜನ್ ಸೇರಿದೆಯಲ್ಲ. ತಣ್ಣೀರಿನ ಪಾತ್ರೆ ಒಲೆಗಿಟ್ಟ ತಕ್ಷಣ ಹೊರಗೆ ಬೆವರುತ್ತದೆ, ನೋಡಿದ್ದೀರಾ? ಗ್ಯಾಸ್ ಉರಿದು ಹುಟ್ಟಿದ ನೀರಿನ ಆವಿಯೇ ಅಲ್ಲಿ ಹನಿಯಾಗುವುದು. ನಮ್ಮತ್ತೆ ಪಾತ್ರೆ ತೂತಾಗಿದೆಯೇನೋ ಅಂತ ಎತ್ತಿ ಎತ್ತಿ ನೋಡುತ್ತಿದ್ದರು.