ಮತಪತ್ರವನ್ನು ನಾನು ಕೊನೆಯಿಂದ ಓದುತ್ತೇನೆ

ಕ್ಯಾಲಿಫೋರ್ನಿಯಾದಲ್ಲಿ ಪೌರತ್ವ ಪಡೆದ ಕನ್ನಡಿಗ ಗೆಳೆಯರು ಚುನಾವಣೆ ಬಂದಾಗಲೆಲ್ಲ ನನ್ನನ್ನು ಕೇಳುವುದು ಒಂದೇ ಮಾತು: ‘ಅಧ್ಯಕ್ಷರಾಗಿ ಯಾರು ಬೇಕು ಎಂಬುದು ಗೊತ್ತಿದೆ. ಅದರ ಕೆಳಗಿರುವುದಕ್ಕೆಲ್ಲ ನೀವು ಏನು ಮಾಡುತ್ತೀರಿ?’ ಆ ‘ಕೆಳಗಿರುವುದು’ ಸಣ್ಣ ಸಂಗತಿಯಲ್ಲ. 2024ರ ನವೆಂಬರ್ 5ರ ಚುನಾವಣೆಗೆ ಸನ್ನಿವೇಲ್‌ನಲ್ಲಿರುವ ನಮ್ಮ ಮನೆಗೆ ಬಂದ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನದ ನಂತರ ಸೆನೆಟ್, ಕಾಂಗ್ರೆಸ್, ರಾಜ್ಯದ ಶಾಸಕಾಂಗ, ನಗರದ ಮೇಯರ್, ಶಾಲಾ ಮಂಡಳಿ ಎಲ್ಲವೂ ಇದ್ದವು. ಅವುಗಳ ಜೊತೆಗೆ ಇಡೀ ರಾಜ್ಯ ತೀರ್ಮಾನಿಸಬೇಕಾದ ಹತ್ತು ಪ್ರಪೊಸಿಷನ್‌ಗಳಿದ್ದವು, ಅಂದರೆ ಮತದಾರರೇ ಹೌದು ಅಥವಾ ಇಲ್ಲ ಎನ್ನಬೇಕಾದ ಪ್ರಸ್ತಾವಗಳು. ನಮ್ಮ ಊರಿನದೇ ಆದ ಅಂಥ ಒಂದು ಪ್ರಸ್ತಾವ, ಮೆಷರ್, ಕೂಡ ಇತ್ತು.

ನಾನು ಆ ಊರಿನ ಮೆಷರ್‌ನಿಂದಲೇ ಓದಲು ತೊಡಗುತ್ತೇನೆ. ಅಧ್ಯಕ್ಷ ಸ್ಥಾನಕ್ಕೆ ಕ್ಯಾಲಿಫೋರ್ನಿಯಾ ಯಾರನ್ನು ಆರಿಸುತ್ತದೆ ಎಂಬುದು ಎಷ್ಟೋ ತಿಂಗಳು ಮೊದಲೇ ಗೊತ್ತಿರುತ್ತದೆ. ಊರಿನ ಗ್ರಂಥಾಲಯಕ್ಕೆ ಹಣ ಕೊಡಬೇಕೇ, ಮಕ್ಕಳ ಶಾಲೆಯ ಬಜೆಟ್ಟನ್ನು ಯಾರ ಕೈಗೆ ಒಪ್ಪಿಸಬೇಕು ಎಂಬುದು ಹಾಗಲ್ಲ. ಮತಗಳ ಅಂತರ ಎಷ್ಟು ಕಿರಿದಾಗಬಹುದು ಎಂಬುದನ್ನು ಅದೇ ವರ್ಷದ ಮಾರ್ಚ್‌ನಲ್ಲಿ ಪಕ್ಕದ 16ನೇ ಕಾಂಗ್ರೆಸ್ ಕ್ಷೇತ್ರದಲ್ಲಿ ಕಂಡೆವು. ಮೊದಲ ಇಬ್ಬರು ನವೆಂಬರ್‌ನ ಕಣಕ್ಕೆ ಹೋಗುವ ಪ್ರಾಥಮಿಕ ಚುನಾವಣೆಯ ಎರಡನೇ ಸ್ಥಾನಕ್ಕೆ ಇವಾನ್ ಲೋ ಮತ್ತು ಜೋ ಸಿಮಿಟಿಯನ್ ಇಬ್ಬರಿಗೂ ತಲಾ 30,249 ಮತ ಬಂದವು. ಮರುಎಣಿಕೆಯ ನಂತರ ಲೋ ಐದು ಮತಗಳಿಂದ ಮುಂದೆ ಬಂದರು. ‘ನನ್ನ ಒಂದು ಮತದಿಂದ ಏನಾಗುತ್ತದೆ’ ಎನ್ನುವವರಿಗೆ ಈ ಅಂಕಿಯನ್ನಷ್ಟೇ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಈ ಓದು ಕನ್ನಡದಲ್ಲಿ ನಡೆಯುತ್ತದೆ. ಅದಕ್ಕೆ ಕಾರಣ ನಮ್ಮ ಅತ್ತೆ. 55 ವರ್ಷ ದಾಟಿದ್ದು, ಗ್ರೀನ್ ಕಾರ್ಡ್ ಪಡೆದು 15 ವರ್ಷ ಇಲ್ಲಿ ವಾಸವಿದ್ದವರಿಗೆ ಪೌರತ್ವದ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಇದೆ. ಸಂವಿಧಾನ, ಇತಿಹಾಸದ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ತಮ್ಮ ಭಾಷೆಯಲ್ಲೇ ಉತ್ತರಿಸಬಹುದು. ಅತ್ತೆ ಹಾಗೆ ಕನ್ನಡದಲ್ಲೇ ಉತ್ತರಿಸಿ ಪೌರರಾದವರು. ರಾಜ್ಯ ಅಚ್ಚು ಹಾಕಿಸುವ ಮತದಾರರ ಕೈಪಿಡಿ ಹಿಂದಿಯಲ್ಲಿ ಸಿಗುತ್ತದೆ, ಕನ್ನಡದಲ್ಲಿ ಸಿಗುವುದಿಲ್ಲ. ಮತದಾರರು ತಮಗೆ ಬೇಕಾದವರಿಂದ ಸಹಾಯ ಪಡೆಯಲು ಕಾನೂನು ಅವಕಾಶ ಕೊಟ್ಟಿದೆ. ಮತದಾರರು ಕೆಲಸ ಮಾಡುವ ಕಡೆಯ ಮಾಲೀಕರು ಮತ್ತು ಕಾರ್ಮಿಕ ಸಂಘದ ಪ್ರತಿನಿಧಿ ಮಾತ್ರ ಆ ಸಹಾಯ ಮಾಡುವಂತಿಲ್ಲ. ಹಾಗಾಗಿ ನಾನು ಓದಿ ಹೇಳುತ್ತೇನೆ, ಅವರು ಕೇಳುತ್ತಾರೆ. ಗುರುತು ಹಾಕುವಾಗ ಮಾತ್ರ ನಾನು ಎದ್ದು ಹೋಗುತ್ತೇನೆ.

ಎರಡು ಪುಸ್ತಕಗಳು ಅಂಚೆಯಲ್ಲಿ ಬರುತ್ತವೆ. ಒಂದು ರಾಜ್ಯದ್ದು, ಇನ್ನೊಂದು ಕೌಂಟಿಯದ್ದು, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ್ದು. ಟಿವಿ ಜಾಹೀರಾತು, ಬಣ್ಣಬಣ್ಣದ ಕರಪತ್ರ, ವಾಟ್ಸ್ಆ್ಯಪ್ ಸಂದೇಶ ಯಾವುದನ್ನೂ ಈ ಎರಡನ್ನು ಓದುವ ಮೊದಲು ನಾನು ನೋಡುವುದಿಲ್ಲ. ಪ್ರತಿ ಮೆಷರ್‌ಗೂ ಕೌಂಟಿಯ ಪುಸ್ತಕದಲ್ಲಿ ಸರ್ಕಾರಿ ವಕೀಲರು ಬರೆದ ನಿಷ್ಪಕ್ಷಪಾತ ವಿಶ್ಲೇಷಣೆ ಇರುತ್ತದೆ. ಅದರ ಹಿಂದೆಯೇ ಪರ, ವಿರೋಧ ವಾದಗಳು ಮತ್ತು ಅವಕ್ಕೆ ಪ್ರತಿವಾದಗಳು. ಸಾಲ ಎತ್ತುವ ಬಾಂಡ್ ಆಗಿದ್ದರೆ ತೆರಿಗೆ ದರದ ಅಂದಾಜು ಹೇಳಿಕೆಯೂ ಇರುತ್ತದೆ. ನನ್ನ ಮೊದಲ ಓದು ಆ ಕೊನೆಯ ಹೇಳಿಕೆ.

ಆ ವರ್ಷ ನಮ್ಮ ಊರಿನ ಮೆಷರ್ ಇ, ಹೊಸ ಮುಖ್ಯ ಗ್ರಂಥಾಲಯ ಕಟ್ಟಲು 29 ಕೋಟಿ ಡಾಲರ್ ಬಾಂಡ್ ಎತ್ತಲು ಅನುಮತಿ ಕೇಳಿತ್ತು. ಈಗಿರುವ ಕಟ್ಟಡ 1960ರದ್ದು. ನಾನು ಓದಿ ಮುಗಿಸುವ ಮೊದಲೇ ಅತ್ತೆ ಕೇಳಿದರು: ‘ಸಾಲ ತೀರಿಸುವವರು ಯಾರು?’ ಯಾವ ಬಾಂಡ್ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ನಗರದ ಬಾಂಡ್ ಎಂದರೆ ನಗರ ಮಾಡುವ ಸಾಲ. ಅಸಲು, ಬಡ್ಡಿ ಎರಡನ್ನೂ ಆ ಊರಿನ ಆಸ್ತಿ ತೆರಿಗೆಗೆ ಸೇರಿಸಿ ವರ್ಷ ವರ್ಷ ವಸೂಲು ಮಾಡುತ್ತಾರೆ. ದರವನ್ನು ಹೇಳುವುದು ಪ್ರತಿ ಒಂದು ಲಕ್ಷ ಡಾಲರ್ ತೆರಿಗೆ ಮೌಲ್ಯಕ್ಕೆ, ಅಂದರೆ ತೆರಿಗೆಗಾಗಿ ದಾಖಲಾಗಿರುವ ಆಸ್ತಿಯ ಬೆಲೆಗೆ, ಇಷ್ಟು ಎಂದು. ಮಾರುಕಟ್ಟೆ ಬೆಲೆಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲ.

ಇಲ್ಲಿ 1978ರ ಪ್ರಪೊಸಿಷನ್ 13 ಅರ್ಥವಾಗದಿದ್ದರೆ ಕ್ಯಾಲಿಫೋರ್ನಿಯಾದ ಯಾವ ಸ್ಥಳೀಯ ಮೆಷರ್ ಕೂಡ ಅರ್ಥವಾಗುವುದಿಲ್ಲ. ಮೂಲ ಆಸ್ತಿ ತೆರಿಗೆಯು ಈ ತೆರಿಗೆ ಮೌಲ್ಯದ ಶೇ 1ನ್ನು ಮೀರಬಾರದು, ಮನೆ ಕೈ ಬದಲಾಗುವ ತನಕ ಆ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಬಾರದು ಎಂದು ಅದು ಕಟ್ಟುಹಾಕಿತು. ಹೀಗಾಗಿ ಒಂದೇ ಬೀದಿಯ ಒಂದೇ ಅಳತೆಯ ಎರಡು ಮನೆಗಳ ತೆರಿಗೆ ಅಜಗಜಾಂತರ. ಲಕ್ಷಕ್ಕೆ 25 ಡಾಲರ್ ದರ ಎಂದಿಟ್ಟುಕೊಳ್ಳಿ. ದಶಕಗಳ ಹಿಂದೆ ಕೊಂಡು ಈಗ 3 ಲಕ್ಷ ಡಾಲರ್ ತೆರಿಗೆ ಮೌಲ್ಯವಿರುವ ಮನೆಗೆ ವರ್ಷಕ್ಕೆ 75 ಡಾಲರ್ ಬೀಳುತ್ತದೆ. ಮೊನ್ನೆ ಮೊನ್ನೆ ಕೊಂಡ, 15 ಲಕ್ಷ ಮೌಲ್ಯದ ಮನೆಗೆ 375 ಡಾಲರ್. ಸಿಲಿಕಾನ್ ಕಣಿವೆಗೆ ತಡವಾಗಿ ಬಂದು ಮನೆ ಕೊಂಡ ನಮ್ಮಂಥವರು ಎರಡನೆಯ ಸಾಲಿನವರು. ಇದು ನ್ಯಾಯವೇ ಎಂದರೆ ಅಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಆ ಅನ್ಯಾಯವನ್ನು ಗ್ರಂಥಾಲಯದ ಮೇಲೆ ತೀರಿಸಿಕೊಳ್ಳುವುದೂ ಸರಿಯಲ್ಲ. ಆ ಗ್ರಂಥಾಲಯದಲ್ಲಿ ಸಂಜೆ ಹೊತ್ತು ಓದುತ್ತಾ ಕೂರುವ ಮಕ್ಕಳಲ್ಲಿ ಅರ್ಧಕ್ಕರ್ಧ ನಮ್ಮವರೇ. ನನ್ನ ತೆರಿಗೆ ಚೀಟಿಯಲ್ಲಿನ ಮೌಲ್ಯಕ್ಕೆ ದರವನ್ನು ಗುಣಿಸಿ ನೋಡಿದೆ. ಬಂದ ಮೊತ್ತವನ್ನು ಕೊಡಲು ನನಗೆ ಒಪ್ಪಿಗೆ ಇತ್ತು. ಹೌದು ಎಂದು ಗುರುತು ಹಾಕಿದೆ.

ಗೆಲುವಿನ ಗೆರೆ ಎಲ್ಲಿದೆ ಎಂಬುದನ್ನೂ ನೋಡುತ್ತೇನೆ. ಬಹುಮತ ಬಂದರೆ ಸಾಕು ಎಂದುಕೊಳ್ಳುವವರು ಬಹಳ. ನಗರದ ಇಂಥ ಬಾಂಡ್‌ಗೆ ಮೂರನೇ ಎರಡರಷ್ಟು ಮತ ಬೇಕು. ಶಾಲಾ ಬಾಂಡ್‌ಗಳಿಗೆ 2000ದ ಪ್ರಪೊಸಿಷನ್ 39ರಿಂದಾಗಿ ಶೇ 55 ಸಾಕು. ಹಣ ಇಂಥದ್ದಕ್ಕೇ ಎಂದು ಗೊತ್ತುಪಡಿಸದ ಸಾಮಾನ್ಯ ತೆರಿಗೆಗೆ ಬರಿಯ ಬಹುಮತ ಸಾಕು. 2007ರಲ್ಲಿ ಇದೇ ಊರಿನ ಗ್ರಂಥಾಲಯದ ಬಾಂಡ್ ಬಹುಮತ ಪಡೆದೂ ಆ ಮೂರನೇ ಎರಡನ್ನು ತಲುಪದೆ ಬಿದ್ದುಹೋಗಿತ್ತು. ಅಂದರೆ ‘ಬೇಡ’ ಎಂಬ ಒಂದು ಮತವನ್ನು ಸರಿದೂಗಿಸಲು ‘ಬೇಕು’ ಎಂಬ ಎರಡು ಮತ ಬೇಕು. 2024ರಲ್ಲಿ ಸ್ಥಳೀಯ ವಸತಿ ಮತ್ತು ಮೂಲಸೌಕರ್ಯದ ಬಾಂಡ್‌ಗಳಿಗೂ ಗೆರೆಯನ್ನು ಶೇ 55ಕ್ಕೆ ಇಳಿಸುವ ಪ್ರಪೊಸಿಷನ್ 5 ಅದೇ ಮತಪತ್ರದಲ್ಲಿತ್ತು. ಮೇಲಿನ ಪ್ರಶ್ನೆಯ ಉತ್ತರ ಕೆಳಗಿನ ಪ್ರಶ್ನೆಯ ಹಣೆಬರಹವನ್ನು ಬದಲಿಸಬಹುದಾಗಿತ್ತು ಎಂಬುದು ಕೊನೆಯಿಂದ ಓದಿದ್ದರಿಂದಲೇ ನನಗೆ ಹೊಳೆಯಿತು. ಪ್ರಪೊಸಿಷನ್ 5 ಸೋತಿತು. ಮೆಷರ್ ಇ ಹಳೆಯ ಗೆರೆಯನ್ನೇ ದಾಟಿ ಗೆದ್ದಿತು.

ರಾಜ್ಯದ ಪ್ರಪೊಸಿಷನ್‌ಗಳಲ್ಲಿ ನಾನು ನಂಬಿ ಓದುವುದು ಶಾಸಕಾಂಗದ ಹಣಕಾಸು ವಿಶ್ಲೇಷಕರ ಪುಟಗಳನ್ನು. ಅವರು ‘ಈಗ ಏನಿದೆ, ಏನು ಬದಲಾಗುತ್ತದೆ, ಎಷ್ಟು ಖರ್ಚು’ ಎಂದಷ್ಟೇ ಬರೆಯುತ್ತಾರೆ. ಶಾಲಾ ಕಟ್ಟಡಗಳ ಪ್ರಪೊಸಿಷನ್ 2 ಮತ್ತು ಹವಾಮಾನ, ನೀರಿನ ಪ್ರಪೊಸಿಷನ್ 4 ತಲಾ 1,000 ಕೋಟಿ ಡಾಲರ್ ಸಾಲದವು. ಮೊದಲನೆಯದನ್ನು ತೀರಿಸಲು ವರ್ಷಕ್ಕೆ ಸುಮಾರು 50 ಕೋಟಿಯಂತೆ 35 ವರ್ಷ, ಎರಡನೆಯದಕ್ಕೆ ಸುಮಾರು 40 ಕೋಟಿಯಂತೆ 40 ವರ್ಷ ಎಂದು ಅವರ ಅಂದಾಜು. ಗುಣಿಸಿದರೆ 1,750 ಕೋಟಿ ಮತ್ತು 1,600 ಕೋಟಿ. ಈ ಗುಣಾಕಾರವನ್ನು ಅತ್ತೆ ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಮಾಡಿದರು. ಅವರಿಗೆ ಶಾಲೆಯ ಸಾಲ ಸರಿ ಎನಿಸಿತು, ಇನ್ನೊಂದರ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೌದು ಎಂದರೆ ಏನಾಗುತ್ತದೆ, ಇಲ್ಲ ಎಂದರೆ ಏನಾಗುತ್ತದೆ ಎಂಬುದನ್ನು ನನ್ನದೇ ಮಾತಿನಲ್ಲಿ ಒಂದು ಸಾಲು ಬರೆದುಕೊಳ್ಳದೆ ಗುರುತು ಹಾಕುವುದಿಲ್ಲ. ಶಾಸಕಾಂಗ ಮಾಡಿದ ಕಾನೂನನ್ನು ವಿರೋಧಿಗಳು ಸಹಿ ಸಂಗ್ರಹಿಸಿ ಜನರ ಮುಂದೆ ತಂದಾಗ, ‘ಹೌದು’ ಎಂದರೆ ಕಾನೂನು ಉಳಿಯಲಿ ಎಂದರ್ಥ. 2022ರ ಪ್ರಪೊಸಿಷನ್ 31 ಹಾಗಿತ್ತು. ಸುವಾಸನೆಯ ತಂಬಾಕಿನ ನಿಷೇಧ ಬೇಕೆನ್ನುವವರು ‘ಹೌದು’ ಎನ್ನಬೇಕಿತ್ತು, ಅದನ್ನು ಮತಪತ್ರಕ್ಕೆ ತಂದವರು ಬಯಸಿದ್ದು ‘ಇಲ್ಲ’.

ಇಷ್ಟೆಲ್ಲ ಓದಿದರೂ ಒಳಗುಟ್ಟು ತಿಳಿಯದ ಪ್ರಪೊಸಿಷನ್‌ಗಳಿರುತ್ತವೆ. 2024ರ ಪ್ರಪೊಸಿಷನ್ 34 ಅಂಥದ್ದು. ರಿಯಾಯಿತಿ ದರದ ಔಷಧ ಯೋಜನೆಯಿಂದ ಬರುವ ಆದಾಯದ ಶೇ 98ರಷ್ಟನ್ನು ಕೆಲವು ಆರೋಗ್ಯ ಸಂಸ್ಥೆಗಳು ರೋಗಿಗಳ ನೇರ ಆರೈಕೆಗೇ ಬಳಸಬೇಕು ಎಂದು ಅದು ಹೇಳುತ್ತಿತ್ತು. ಕೇಳಿದರೆ ಯಾರಾದರೂ ಬೇಡ ಎನ್ನುತ್ತಾರೆಯೇ? ‘ಕೆಲವು’ ಎಂದರೆ ಯಾರು ಎಂದು ತಿಳಿಯಲು ಪುಸ್ತಕದ ಹಿಂದೆ ಸಣ್ಣ ಅಕ್ಷರದಲ್ಲಿರುವ ಪೂರ್ಣ ಪಠ್ಯಕ್ಕೆ ಹೋದೆ. ಅದರ ಪ್ರಕಾರ ಆ ಸಂಸ್ಥೆ ಹತ್ತು ವರ್ಷಗಳಲ್ಲಿ ನೇರ ಆರೈಕೆಯಲ್ಲದ ಬಾಬ್ತಿಗೆ 10 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡಿರಬೇಕು. ಗಂಭೀರ ಸ್ವರೂಪದ 500ಕ್ಕೂ ಹೆಚ್ಚು ಉಲ್ಲಂಘನೆಗಳಿರುವ ವಸತಿ ಕಟ್ಟಡಗಳನ್ನೂ ನಡೆಸುತ್ತಿರಬೇಕು. ಇಂಥ ಷರತ್ತುಗಳು ಎಷ್ಟು ಸಂಸ್ಥೆಗಳಿಗೆ ಹೊಂದೀತು?

ಇಂಥ ಕಡೆ ಹಣದ ಜಾಡು ಹಿಡಿಯುತ್ತೇನೆ. ಪ್ರತಿ ಪ್ರಪೊಸಿಷನ್‌ನ ಪರ, ವಿರೋಧ ಸಮಿತಿಗಳಿಗೆ ಅತಿ ಹೆಚ್ಚು ದೇಣಿಗೆ ಕೊಟ್ಟ ಹತ್ತು ಮಂದಿಯ ಪಟ್ಟಿಯನ್ನು ರಾಜ್ಯ ಪ್ರಕಟಿಸುತ್ತದೆ. 34ರ ಹಿಂದೆ ಇದ್ದದ್ದು ಬಾಡಿಗೆ ಮನೆ ಮಾಲೀಕರ ಸಂಘಟನೆಯಾದ ಕ್ಯಾಲಿಫೋರ್ನಿಯಾ ಅಪಾರ್ಟ್‌ಮೆಂಟ್ ಅಸೋಸಿಯೇಷನ್. ಔಷಧದ ಹಣದ ವಿಚಾರ ಅವರಿಗೇಕೆ? ಉತ್ತರ ಪಕ್ಕದ ಪ್ರಪೊಸಿಷನ್ 33ರಲ್ಲಿತ್ತು. ನಗರಗಳಿಗೆ ಬಾಡಿಗೆ ನಿಯಂತ್ರಣದ ಅಧಿಕಾರ ಮರಳಿಸುವ ಅದನ್ನು ತಂದದ್ದು ಏಡ್ಸ್ ಹೆಲ್ತ್‌ಕೇರ್ ಫೌಂಡೇಶನ್ ಎಂಬ ಆರೋಗ್ಯ ಸಂಸ್ಥೆ. 2018 ಮತ್ತು 2020ರಲ್ಲೂ ಇದೇ ಉದ್ದೇಶದ ಪ್ರಪೊಸಿಷನ್‌ಗಳಿಗೆ ಹಣ ಸುರಿದು ಸೋತಿದ್ದ ಸಂಸ್ಥೆ ಅದು. 34ರ ಷರತ್ತುಗಳು ಗುರಿಯಿಟ್ಟದ್ದು ಅದನ್ನೇ. ಬಾಡಿಗೆ ನಿಯಂತ್ರಣ ಒಳ್ಳೆಯದೋ ಕೆಟ್ಟದ್ದೋ, ಆ ಸಂಸ್ಥೆ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಇಡೀ ರಾಜ್ಯದ ಮತದಾರರನ್ನು ಇಬ್ಬರ ಜಗಳದಲ್ಲಿ ಆಯುಧವಾಗಿ ಬಳಸುವುದು ನನಗೆ ಸಹ್ಯವಲ್ಲ. 34ಕ್ಕೆ ಇಲ್ಲ ಎಂದೆ. 33 ಸೋತಿತು, 34 ಕೂದಲೆಳೆ ಅಂತರದಲ್ಲಿ ಗೆದ್ದಿತು.

ಅಭ್ಯರ್ಥಿಗಳ ವಿಷಯ ಇದಕ್ಕಿಂತ ಕಷ್ಟ. ಇಲ್ಲಿ ನಗರಸಭೆಗೆ, ಶಾಲಾ ಮಂಡಳಿಗೆ ನಿಲ್ಲುವವರ ಹೆಸರಿನ ಮುಂದೆ ಪಕ್ಷ ಇರುವುದಿಲ್ಲ, ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯ ಹಾಗೆ. ಹೆಸರಿನ ಕೆಳಗೆ ಉದ್ಯೋಗವನ್ನು ಸೂಚಿಸುವ ಎರಡು ಮೂರು ಪದ, ಅಷ್ಟೇ. ಕೌಂಟಿಯ ಪುಸ್ತಕದಲ್ಲಿರುವ ಅಭ್ಯರ್ಥಿ ಹೇಳಿಕೆ ಹೆಚ್ಚಾಗಿ ಅವರೇ ದುಡ್ಡು ಕೊಟ್ಟು ಅಚ್ಚು ಹಾಕಿಸಿದ್ದು. ಹೇಳಿಕೆ ಇಲ್ಲ ಎಂದ ಮಾತ್ರಕ್ಕೆ ಅಭ್ಯರ್ಥಿ ಹಗುರ ಎಂದು ನಾನು ತಿಳಿಯುವುದಿಲ್ಲ.

ಹಾಲಿ ಸದಸ್ಯರಾದರೆ ನಗರಸಭೆಯ ಸಭೆಗಳ ವಿಡಿಯೊ ನೋಡುತ್ತೇನೆ. ಇಡೀ ಸಭೆ ಬೇಡ. ವಸತಿ ಯೋಜನೆಯೋ ಸೈಕಲ್ ಪಥವೋ, ನನಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯವನ್ನು ಆರಿಸಿ, ಆ ದಿನ ಯಾರು ಏನು ಕೇಳಿದರು, ಹೇಗೆ ಮತ ಹಾಕಿದರು ಎಂದು ನೋಡಿದರೆ ಸಾಕು. ಕಡತ ಓದಿಕೊಂಡು ಬಂದವರು ಯಾರು ಎಂಬುದು ಅವರ ಪ್ರಶ್ನೆಯಲ್ಲೇ ತಿಳಿದುಬಿಡುತ್ತದೆ. ಹೊಸಬರಾದರೆ ಫಾರ್ಮ್ 460 ತೆರೆಯುತ್ತೇನೆ. ಯಾರಿಂದ ಎಷ್ಟು ದೇಣಿಗೆ ಬಂತು, ಎಲ್ಲಿ ಖರ್ಚಾಯಿತು ಎಂಬ ಲೆಕ್ಕ ಅದರಲ್ಲಿದೆ, ಯಾರು ಬೇಕಾದರೂ ನೋಡಬಹುದು. ಊರಲ್ಲಿದ್ದಾಗ ಅಭ್ಯರ್ಥಿಗಳ ಆಸ್ತಿ ಪ್ರಮಾಣಪತ್ರ ಓದುತ್ತಿದ್ದ ಅಭ್ಯಾಸ ಇಲ್ಲಿ ಕೈ ಹಿಡಿಯಿತು. ಶಾಲಾ ಮಂಡಳಿಯ ಅಭ್ಯರ್ಥಿಗಳಿಗೆ ನೇರವಾಗಿ ಮಿಂಚಂಚೆ ಬರೆದು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ: ಮಕ್ಕಳ ಸಂಖ್ಯೆ ಇಳಿದರೆ ಯಾವ ಖರ್ಚನ್ನು ಮೊದಲು ಕಡಿತ ಮಾಡುತ್ತೀರಿ? ಉತ್ತರ ಬರೆಯುವವರೂ ಇದ್ದಾರೆ, ಬರೆಯದವರೂ ಇದ್ದಾರೆ. ಅದೂ ಒಂದು ಮಾಹಿತಿಯೇ.

ಒಂದು ಮಾತನ್ನು ನಮ್ಮವರಿಗೆ ಬಿಡಿಸಿ ಹೇಳಬೇಕು. ಚುನಾವಣೆ ಹತ್ತಿರ ಬಂದಂತೆ ‘ಇವರು ನಮ್ಮವರು, ಮರೆಯದೆ ಹಾಕಿ’ ಎಂಬ ಸಂದೇಶಗಳು ಹರಿದಾಡುತ್ತವೆ. ಭಾರತದ ಹೆಸರೊಂದನ್ನು ಮತಪತ್ರದಲ್ಲಿ ಕಂಡರೆ ಎದೆ ಉಬ್ಬುವುದು ಸಹಜ, ನನಗೂ ಉಬ್ಬುತ್ತದೆ. ಆದರೆ ಹೆಸರು ನೋಡಿ ಹಾಕಿದ ಮತ ಆ ಅಭ್ಯರ್ಥಿಗೂ ಗೌರವವಲ್ಲ. ಯಾರ ಬಗ್ಗೆಯೂ ಏನೂ ತಿಳಿಯದೇ ಹೋದರೆ ಆ ಸ್ಥಾನವನ್ನು ಖಾಲಿ ಬಿಡುತ್ತೇನೆ. ಇಲ್ಲಿ ನೋಟಾ ಇಲ್ಲ, ಆದರೆ ಒಂದು ಸ್ಥಾನ ಖಾಲಿ ಬಿಟ್ಟರೆ ಉಳಿದ ಮತಗಳಿಗೆ ಯಾವ ಧಕ್ಕೆಯೂ ಇಲ್ಲ.

ಗ್ರೀನ್ ಕಾರ್ಡ್ ಅಥವಾ ವೀಸಾದಲ್ಲಿರುವವರು ವಾಹನ ಪರವಾನಗಿ ಕಚೇರಿಯಲ್ಲಿ ಮತದಾರರ ನೋಂದಣಿಯ ಪ್ರಶ್ನೆ ಬಂದಾಗ ಎಚ್ಚರದಿಂದಿರಬೇಕು. ಪೌರರಲ್ಲದವರು ನೋಂದಾಯಿಸಿಕೊಂಡರೆ, ತಿಳಿಯದೆ ಮಾಡಿದರೂ, ಮುಂದೆ ಪೌರತ್ವದ ಅರ್ಜಿಗೇ ಕುತ್ತು ಬರಬಹುದು.

ಕೊನೆಯ ಕೆಲಸ, ಗುರುತು ಹಾಕಿದ ಮತಪತ್ರವನ್ನು ಹಿಂದಿರುಗಿಸುವ ಲಕೋಟೆಯ ಮೇಲಿನ ಸಹಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೌಂಟಿಯವರು ಅದನ್ನು ತಮ್ಮ ಕಡತದಲ್ಲಿರುವ ನಿಮ್ಮ ಸಹಿಯ ಜೊತೆ ಹೋಲಿಸುತ್ತಾರೆ. ಅತ್ತೆ ಕನ್ನಡದಲ್ಲಿ ಸಹಿ ಮಾಡುವವರು. ನೋಂದಣಿಯಲ್ಲೂ ಕನ್ನಡವೇ ಇರುವುದರಿಂದ ತೊಂದರೆ ಇಲ್ಲ. ಬ್ಯಾಂಕಿಗೊಂದು, ಪಾಸ್‌ಪೋರ್ಟಿಗೊಂದು ಸಹಿ ಇಟ್ಟುಕೊಂಡವರು ಚಾಲನಾ ಪರವಾನಗಿಯಲ್ಲಿರುವುದನ್ನು ನೋಡಿಕೊಂಡು ಅದನ್ನೇ ಹಾಕಲಿ. ನಾವು ಲಕೋಟೆಗಳನ್ನು ಚುನಾವಣೆಗೆ ಸಾಕಷ್ಟು ಮೊದಲೇ ಅಧಿಕೃತ ಪೆಟ್ಟಿಗೆಗೆ ಹಾಕಿ ಬರುತ್ತೇವೆ. ಎಣಿಕೆಗೆ ಸೇರಿತು ಎಂಬ ಸಂದೇಶ ಮೊಬೈಲ್‌ಗೆ ಬರುವಂತೆ ರಾಜ್ಯದ ಜಾಲತಾಣದಲ್ಲಿ ಮೊದಲೇ ಹೆಸರು ಕೊಟ್ಟಿರುತ್ತೇವೆ. ಸಹಿ ಹೊಂದದಿದ್ದರೆ ಕೌಂಟಿಯಿಂದ ಪತ್ರ ಬರುತ್ತದೆ. ಅದರ ಜೊತೆಗಿರುವ ನಮೂನೆಗೆ ಸಹಿ ಮಾಡಿ, ಪತ್ರದಲ್ಲಿ ಹೇಳಿದ ದಿನದೊಳಗೆ ಹಿಂದಿರುಗಿಸಿದರೆ ಮತ ಎಣಿಕೆಗೆ ಸೇರುತ್ತದೆ.