ಸಂಬಳದಿಂದ ದೇಣಿಗೆ, ಕಂಪನಿಯಿಂದ ಅಷ್ಟೇ ಹಣ: ಯೋಜನೆ ಕಟ್ಟುವ ಬಗೆ

ಸೇವಾ ಸಂಸ್ಥೆಗಳಿಗೆ ಸಿಬ್ಬಂದಿ ಕೊಟ್ಟಷ್ಟೇ ಹಣವನ್ನು ಕಂಪನಿಯೂ ಸೇರಿಸುವುದಕ್ಕೆ ಕಚೇರಿ ಭಾಷೆಯಲ್ಲಿ ಮ್ಯಾಚಿಂಗ್ ಎನ್ನುತ್ತಾರೆ. ಶುರುಮಾಡುವುದು ಸುಲಭ. ಎಡವಟ್ಟು ಗೊತ್ತಾಗುವುದು ಮುಂದಿನ ಜುಲೈನಲ್ಲಿ, ಸಿಬ್ಬಂದಿ ರಿಟರ್ನ್ಸ್ ಸಲ್ಲಿಸಲು ಕೂತಾಗ.

ಮೊದಲು ಲೆಕ್ಕ. 300 ಜನರ ಕಚೇರಿಯಲ್ಲಿ 60 ಮಂದಿ ತಿಂಗಳಿಗೆ 200 ರೂಪಾಯಿ ಕೊಟ್ಟರೆ ವರ್ಷಕ್ಕೆ 1,44,000. ಕಂಪನಿಯ ಪಾಲೂ ಅಷ್ಟೇ. ತಲಾ ಮಿತಿಯನ್ನೂ (ವರ್ಷಕ್ಕೆ 10,000 ಎನ್ನೋಣ) ಒಟ್ಟು ಮಿತಿಯನ್ನೂ ಮೊದಲೇ ಬರೆದಿಡಿ. ಇಲ್ಲದಿದ್ದರೆ ಎಲ್ಲೋ ಪ್ರವಾಹ ಬಂದ ವಾರ ಇಬ್ಬರು ಹಿರಿಯ ಅಧಿಕಾರಿಗಳ ದೇಣಿಗೆಯೇ ಬಜೆಟ್ಟನ್ನು ನುಂಗಿಬಿಡುತ್ತದೆ.

ಸಂಸ್ಥೆಗಳು ನಾಲ್ಕೈದು ಸಾಕು. ಪ್ಯಾನ್, ಚಾಲ್ತಿಯಲ್ಲಿರುವ 80ಜಿ ನೋಂದಣಿ (ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದು ಇದರಿಂದಲೇ) ನೋಡಿ. ಕಂಪನಿಯ ಪಾಲನ್ನು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಖರ್ಚಿಗೆ ಸೇರಿಸುವುದಾದರೆ ಸಂಸ್ಥೆಗೆ ಸಿಎಸ್‌ಆರ್-1 ಎಂಬ ನೋಂದಣಿ ಸಂಖ್ಯೆಯೂ ಬೇಕು. ಸಿಬ್ಬಂದಿಯ ಪಾಲು ಆ ಲೆಕ್ಕಕ್ಕೆ ಸೇರುವುದಿಲ್ಲ. ಮ್ಯಾಚಿಂಗ್ ಹಣ ವಿದೇಶದ ಮಾತೃಸಂಸ್ಥೆಯ ಪ್ರತಿಷ್ಠಾನದಿಂದ ಬರುವುದಾದರೆ, ಪಡೆಯುವ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿಯೂ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ಖಾತೆಯೂ ಇರಲೇಬೇಕು. ಬೆಂಗಳೂರಿನ ಬಹುರಾಷ್ಟ್ರೀಯ ಕಚೇರಿಗಳು ಇದನ್ನು ಘೋಷಣೆಗೆ ಮುಂಚೆಯೇ ಕೇಳಿಕೊಳ್ಳುವುದು ಒಳ್ಳೆಯದು.

ಸಂಬಳದಿಂದ ಹಿಡಿಯಲು ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ: ಮೊತ್ತ, ಸಂಸ್ಥೆ, ಶುರುವಾಗುವ ತಿಂಗಳು, ಯಾವಾಗ ಬೇಕಾದರೂ ನಿಲ್ಲಿಸುವ ಹಕ್ಕು. ಮೊದಲೇ ಟಿಕ್ ಹಾಕಿದ ಫಾರಂ ಬೇಡ. ಯಾರು ಎಷ್ಟು ಕೊಟ್ಟರೆಂಬುದು ಮ್ಯಾನೇಜರ್ ಕಣ್ಣಿಗೆ ಬೀಳಬಾರದು. ಬಿದ್ದರೆ ಅದು ದಾನವಲ್ಲ, ಬಲವಂತದ ವಂತಿಗೆ.

ಈಗ ರಸೀದಿ. ಎಲ್ಲರ ಹಣವನ್ನೂ ಒಟ್ಟುಗೂಡಿಸಿ ಒಂದೇ ವರ್ಗಾವಣೆಯಲ್ಲಿ ಕಳಿಸಿ ಸುಮ್ಮನಾದರೆ ರಸೀದಿ ಕಂಪನಿ ಹೆಸರಿಗೆ ಬರುತ್ತದೆ, ಕೊಟ್ಟವರಿಗೆ ತೆರಿಗೆ ವಿನಾಯಿತಿ ತಪ್ಪುತ್ತದೆ. ಹೆಸರು, ಪ್ಯಾನ್, ವಿಳಾಸ, ಮೊತ್ತದ ಪಟ್ಟಿಯನ್ನು ಪ್ರತಿ ತಿಂಗಳೂ ಹಣದ ಜೊತೆಗೇ ಕಳಿಸಿ. ವರ್ಷದ ಕ್ರೋಡೀಕೃತ ಪಟ್ಟಿ ಏಪ್ರಿಲ್ 10ರೊಳಗೆ ಹೋಗಲಿ. ಸಂಸ್ಥೆ ಮೇ 31ರೊಳಗೆ ತೆರಿಗೆ ಇಲಾಖೆಗೆ 10ಬಿಡಿ (ದೇಣಿಗೆಗಳ ವಿವರ) ಸಲ್ಲಿಸಿದರೆ ಮಾತ್ರ ಪ್ರತಿಯೊಬ್ಬರಿಗೂ 10ಬಿಇ ಎಂಬ ದೇಣಿಗೆ ಪ್ರಮಾಣಪತ್ರ ಸಿಗುತ್ತದೆ. (2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಇಲ್ಲಿರುವುದು ಜನರಿಗೆ ಪರಿಚಿತವಾದ 1961ರ ಕಾಯ್ದೆಯ ಸಂಖ್ಯೆಗಳು.) ಹೊಸ ತೆರಿಗೆ ಪದ್ಧತಿ ಆರಿಸಿದವರಿಗೆ 80ಜಿ ಇಲ್ಲ, ಹಳೆಯದರಲ್ಲೂ ಬಹುತೇಕ ಸಂಸ್ಥೆಗಳಿಗೆ ಕೊಟ್ಟದ್ದರ ಅರ್ಧಕ್ಕಷ್ಟೇ, ಅದೂ ಆದಾಯದ ಶೇ 10ರ ಮಿತಿಯೊಳಗೆ. ಇದನ್ನು ಫಾರಂನಲ್ಲೇ ಅಚ್ಚು ಹಾಕಿಸಿ. 2,000 ದಾಟಿದ ನಗದಿಗೂ ಬಟ್ಟೆ, ಪುಸ್ತಕಗಳಿಗೂ ವಿನಾಯಿತಿ ಇಲ್ಲ.

ಸ್ವಯಂಸೇವೆಗೆ ವರ್ಷಕ್ಕೆ ಎರಡು ದಿನ ಸಂಬಳಸಹಿತ ರಜೆ ಕೊಡಿ, ಅರ್ಧ ದಿನವಾಗಿಯೂ ಬಳಸಲು ಬಿಡಿ, ರಜಾ ತಂತ್ರಾಂಶದಲ್ಲಿ ಬೇರೆಯೇ ಕೋಡ್ ಇರಲಿ. ಸಿಬ್ಬಂದಿ ದುಡಿದ ಗಂಟೆಗಳಿಗೆ ಬೆಲೆ ಕಟ್ಟಿ ಸಿಎಸ್‌ಆರ್ ಎಂದು ತೋರಿಸುವಂತಿಲ್ಲ. ಸ್ವಯಂಸೇವೆಗೆ ಬಹುಮಾನವನ್ನು ಸಿಬ್ಬಂದಿಗೆ ನಗದಾಗಿ ಕೊಟ್ಟರೆ ಅದು ಸಂಬಳವೆಂದು ತೆರಿಗೆಗೆ ಒಳಪಡುತ್ತದೆ; ಅದರ ಬದಲು 20 ಗಂಟೆ ದುಡಿದವರ ಹೆಸರಿನಲ್ಲಿ ಆ ಸಂಸ್ಥೆಗೇ 5,000 ರೂಪಾಯಿ ಕೊಡಿ. ನಲವತ್ತು ಜನ ಬಸ್ಸಿನಲ್ಲಿ ಹೋಗಿ ಸರ್ಕಾರಿ ಶಾಲೆಯ ಅದೇ ಗೋಡೆಗೆ ಮತ್ತೆ ಬಣ್ಣ ಬಳಿಯುವುದಕ್ಕಿಂತ, ಇಬ್ಬರು ಹತ್ತು ಶನಿವಾರ ಹೋಗಿ ಸಂಸ್ಥೆಯ ಲೆಕ್ಕಪತ್ರ ಸರಿಮಾಡಿಕೊಟ್ಟರೆ ಅವರಿಗೆ ಉಪಕಾರ. ಫೆಬ್ರುವರಿ, ಮಾರ್ಚ್‌ನಲ್ಲಿ ಶಾಲೆಗಳ ಕಡೆ ಹೋಗಬೇಡಿ, ಪರೀಕ್ಷೆ ಇರುತ್ತದೆ.