ಕ್ಯೂಆರ್ ಕೋಡ್‌ಗಳ ಮೂಲಕ ರಸಪ್ರಶ್ನೆ ನಿಧಿಶೋಧ

ಮುಂಬಯಿಯ ಕನ್ನಡ ಶಾಲೆಗಳಲ್ಲಿ ಒಂದು ಕೋಡ್ ಸ್ಕ್ಯಾನ್ ಮಾಡಿ, ಅದರಲ್ಲಿನ ಪ್ರಶ್ನೆಗೆ ಉತ್ತರ ಕಂಡುಕೊಂಡು ಮುಂದಿನ ಕೋಡ್ ಹುಡುಕುವ ಈ ಆಟವನ್ನು ನಡೆಸುವವರು ಮೊದಲು ಪ್ರಶ್ನೆಗಳನ್ನು ಹೆಣೆಯಬೇಕು. ಕೋಡ್ ಆಮೇಲಿನ ಕೆಲಸ. ‘ಗೇಟ್‌ವೇ ಆಫ್ ಇಂಡಿಯಾ ಪೂರ್ಣಗೊಂಡ ವರ್ಷ ಯಾವುದು?’ ಎಂದು ಕೇಳಿ, 1924ರ ಅಂಕಿಗಳ ಮೊತ್ತವಾದ 16ನೆಯ ಕೊಠಡಿಯ ಬಾಗಿಲಿಗೆ ಮುಂದಿನ ಕೋಡ್ ಅಂಟಿಸಿದರೆ, ಉತ್ತರವೇ ದಾರಿಯಾಗುತ್ತದೆ.

ಪ್ರಶ್ನೆಯ ಪಠ್ಯವನ್ನೇ ಕೋಡ್‌ನಲ್ಲಿ ಅಡಕಗೊಳಿಸಿದರೆ ಅಂತರಜಾಲವಿಲ್ಲದೆಯೂ ಓದಬಹುದು. ಆದರೆ ಅಕ್ಷರಗಳನ್ನು ಕಂಪ್ಯೂಟರಿನ ಸಂಕೇತಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ 3 ಬೈಟ್ ಬೇಕಾಗುವುದರಿಂದ, ಪ್ರಶ್ನೆ ಉದ್ದವಾದಷ್ಟೂ ಕೋಡ್‌ನೊಳಗಿನ ಚೌಕಗಳು ಕಿರಿದಾಗಿ ಹಳೆಯ ಫೋನುಗಳು ತಡವರಿಸುತ್ತವೆ. ಹೀಗಾಗಿ ಒಂದೇ ಚಿಕ್ಕ ವಾಕ್ಯ ಸಾಕು. ಮಳೆಗಾಲದಲ್ಲಾದರೆ, ಸುಮಾರು 30% ಭಾಗ ಹಾಳಾದರೂ ಓದಲು ಬರುವ ‘ಎಚ್’ ಎಂಬ ದೋಷ ತಿದ್ದುವಿಕೆಯ ಮಟ್ಟವನ್ನು ಕೋಡ್ ತಯಾರಿಸುವಾಗ ಆರಿಸಿ, ಕೋಡ್‌ನ ಸುತ್ತ ಬಿಳಿ ಅಂಚು ಬಿಟ್ಟು ದೊಡ್ಡದಾಗಿ ಮುದ್ರಿಸುವುದು ಕ್ಷೇಮ.

ತಂಡಕ್ಕೊಂದೇ ಫೋನ್ ಇರಲಿ, ಅದೂ ಶಿಕ್ಷಕರದ್ದು. ನೂಕುನುಗ್ಗಲು ತಪ್ಪಿಸಲು ಪ್ರತಿ ತಂಡವನ್ನೂ ಬೇರೆ ಬೇರೆ ಕೋಡ್‌ನಿಂದ ಹೊರಡಿಸಿರಿ.